ದೂರಶಿಕ್ಷಣದ ಸಿಬ್ಬಂದಿ ಮತ್ತು ಹಂಚಿಹೋದ ಕೆಲಸ: ನನ್ನ ಅನುಭವ

ದೂರಶಿಕ್ಷಣ ವಿಭಾಗದ ಆಡಳಿತದ ಜೊತೆಗೆ ಸಿಬ್ಬಂದಿಯ ಕ್ಷೇಮದ ಹೊಣೆಯೂ ನನ್ನ ಪಾಲಿಗೆ ಬಂದಾಗ, ಎಲ್ಲರೂ ಸೂಚಿಸಿದ್ದು ಯೋಗ ತರಗತಿ ಮತ್ತು ಆರೋಗ್ಯ ತಪಾಸಣೆಯನ್ನು. ಎರಡನ್ನೂ ನಡೆಸಿದೆವು, ಜನ ಸಂತೋಷದಿಂದಲೇ ಬಂದರು. ಆದರೆ ಕೆಲಸದ ಬಗೆಗಿನ ಬೇಸರ ಕಡಿಮೆಯಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ನಿರಂತರ ಒತ್ತಡದಿಂದ ಬರುವ ಬಳಲಿಕೆಯನ್ನು, ಕಾಯಿಲೆ ಎನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಹಾಗಿದ್ದರೆ ಪರಿಹಾರವನ್ನು ಕೆಲಸದೊಳಗೇ ಹುಡುಕಬೇಕೆಂದು ನನಗನ್ನಿಸಿತು.

ಸಿಬ್ಬಂದಿಯೊಡನೆ ಒಬ್ಬೊಬ್ಬರಾಗಿ ಮಾತನಾಡಿದಾಗ ಕೆಲಸದ ಹೊರೆಗಿಂತ ಹೆಚ್ಚಾಗಿ ಕೇಳಿಬಂದದ್ದು ಬೇರೆಯೇ ದೂರು. ಪಾಠ ಬರೆದವರಿಗೆ ಅದನ್ನು ಓದಿದ ವಿದ್ಯಾರ್ಥಿ ಯಾರೆಂದು ಗೊತ್ತಿಲ್ಲ. ನಿಯೋಜಿತ ಕಾರ್ಯಗಳನ್ನು (ಅಸೈನ್‌ಮೆಂಟ್) ತಿದ್ದುವವರಿಗೆ ತಾವು ಬರೆದ ಟಿಪ್ಪಣಿ ತಲುಪಿತೋ ಇಲ್ಲವೋ ತಿಳಿಯದು. ದೂರವಾಣಿಗೆ ಉತ್ತರಿಸುವವರಿಗೆ ಬೈಗುಳ ಮಾತ್ರ ಸಿಗುತ್ತದೆ, ಸಮಸ್ಯೆ ಬಗೆಹರಿದ ಸುದ್ದಿ ಬರುವುದಿಲ್ಲ. ದೂರಶಿಕ್ಷಣವೆಂದರೆ ಕೈಗಾರಿಕೆಯ ಸ್ವರೂಪ ಪಡೆದ, ಅಂದರೆ ಕಾರ್ಖಾನೆಯಂತೆ ಹಲವರು ಕೆಲಸ ಹಂಚಿಕೊಂಡು ನಡೆಸುವ ಬೋಧನೆ ಎಂದು ಜರ್ಮನಿಯ ಶಿಕ್ಷಣತಜ್ಞ ಓಟ್ಟೋ ಪೀಟರ್ಸ್ 1960ರ ದಶಕದಲ್ಲೇ ಹೇಳಿದ್ದರು. ಆ ಶ್ರಮವಿಭಜನೆಯಿಂದಲೇ ಸಾವಿರಾರು ಜನರನ್ನು ತಲುಪಲು ಸಾಧ್ಯವಾಗುವುದು ನಿಜ, ಆದರೆ ಅದರ ಬೆಲೆ ತೆರುವವರು ನೌಕರರು.

ಆದ್ದರಿಂದ ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರವೇಶಾತಿಯಿಂದ ಪ್ರಮಾಣಪತ್ರದವರೆಗಿನ ಪತ್ರವ್ಯವಹಾರ ಮತ್ತು ದೂರುಗಳನ್ನು ಪ್ರತಿ ಗುಂಪಿಗೂ ಒಂದೊಂದು ಸಣ್ಣ ತಂಡಕ್ಕೆ ಒಪ್ಪಿಸಿದೆವು. ಗೋಪ್ಯತೆ ಕೆಡುತ್ತದೆ ಎಂದು ಪರೀಕ್ಷಾ ವಿಭಾಗದವರು ಆಕ್ಷೇಪಿಸಿದರು. ಅವರ ಮಾತು ಸರಿಯಾಗಿದ್ದುದರಿಂದ ಪ್ರಶ್ನೆಪತ್ರಿಕೆ ಮತ್ತು ಅಂಕ ನಮೂದನ್ನು ಹೊರಗಿಟ್ಟೆವು. ಒಬ್ಬ ವಿದ್ಯಾರ್ಥಿಯ ಮುಂದಿನ ನಿಯೋಜಿತ ಕಾರ್ಯವೂ ಸಾಧ್ಯವಾದಷ್ಟು ಅದೇ ಮೌಲ್ಯಮಾಪಕರಿಗೇ ಹೋಗುವಂತೆ ಮಾಡಿದ್ದು ಚಿಕ್ಕ ಬದಲಾವಣೆಯೇ. ಆದರೂ ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಅದೇ, ಏಕೆಂದರೆ ತಮ್ಮ ಸಲಹೆಯಿಂದ ಬರವಣಿಗೆ ಸುಧಾರಿಸಿದ್ದನ್ನು ಅವರು ಕಣ್ಣಾರೆ ಕಂಡರು. ಸಂಜೆ ಮತ್ತು ಭಾನುವಾರದ ಕರೆಗಳಿಗೆ ಸರದಿ ಗೊತ್ತುಮಾಡಿ ಬದಲಿ ರಜೆ ಕೊಟ್ಟೆವು.

ಸಂಬಳ ಮತ್ತು ಭದ್ರತೆ ಅತೃಪ್ತಿಯನ್ನು ತಗ್ಗಿಸಬಲ್ಲವು, ತೃಪ್ತಿ ಹುಟ್ಟುವುದು ಕೆಲಸದಿಂದಲೇ ಎಂಬ ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಅವರ 1959ರ ವಾದ ಕಾಯಂ ನೌಕರರ ಮಟ್ಟಿಗೆ ನನಗೆ ನಿಜವೆನಿಸಿತು. ಗುತ್ತಿಗೆ ನೌಕರರ ವಿಷಯದಲ್ಲಿ ಅದನ್ನು ಹೇಳಲು ನಾಲಗೆ ಏಳುವುದಿಲ್ಲ. ನವೀಕರಣದ ಆದೇಶಕ್ಕೆ ಕೊನೆಯ ದಿನದವರೆಗೆ ಕಾಯುವವರಿಗೆ ತಂಡದ ಹೆಮ್ಮೆ ಎಷ್ಟರಮಟ್ಟಿಗೆ ಸಾಂತ್ವನ ನೀಡೀತು? ಆ ಆದೇಶ ಅವಧಿ ಮುಗಿಯುವ ಮೊದಲೇ ಕೈಸೇರುವಂತೆ ಮಾಡಿದ್ದೇವೆ. ಪಾಠ ಬರೆಯುವುದನ್ನು ಬಡ್ತಿಗೆ ಪರಿಗಣಿಸಬೇಕೆಂಬ ಪ್ರಸ್ತಾವ ಇನ್ನೂ ಕಡತದಲ್ಲೇ ಇದೆ.