ಕಯಾಕ್‌ನಲ್ಲಿ ಗಾಳ ಹಾಕುವಾಗ ಚಾಕು ಎಲ್ಲಿರಬೇಕು, ಹೇಗಿರಬೇಕು

ಗಾಳ ಹಾಕಲು ಹೊರಟ ಕಯಾಕ್‌ನಲ್ಲಿ ಎಷ್ಟು ಹಗ್ಗಗಳಿರುತ್ತವೆ ಎಂದು ಒಮ್ಮೆ ಎಣಿಸಿ ನೋಡಿ. ಲಂಗರಿನದು, ಹುಟ್ಟು ಕೈಜಾರಿ ಹೋಗದಂತೆ ಕಟ್ಟಿದ್ದು, ಪ್ರತಿ ರಾಡ್‌ಗೆ ಒಂದೊಂದು ಸುರುಳಿ ದಾರ, ಹಿಡಿದ ಮೀನು ಪೋಣಿಸಿಟ್ಟ ಹಗ್ಗ, ಇವೆಲ್ಲದರ ಜೊತೆಗೆ ರೀಲಿನಿಂದ ಹೊರಟ ಬ್ರೇಡ್ ಲೈನು, ಅಂದರೆ ಎಳೆಗಳನ್ನು ಹೆಣೆದು ಮಾಡಿದ ಗಾಳದ ದಾರ. ಕಯಾಕ್ ಮಗುಚಿದರೆ ಅವೆಲ್ಲ ನಿಮ್ಮ ಜೊತೆಯಲ್ಲೇ ನೀರಿಗೆ ಬೀಳುತ್ತವೆ. ಕಾಲಿಗೋ ಬಕಲಿಗೋ ಹಗ್ಗ ಸುತ್ತಿಕೊಂಡು, ಸೆಳೆತ ಇನ್ನೊಂದು ತುದಿಯನ್ನು ಜಗ್ಗುತ್ತಿದ್ದರೆ ಗಂಟು ಬಿಚ್ಚಲು ಸಾಧ್ಯವೇ ಇಲ್ಲ. 20–30 ಪೌಂಡಿನ ಎಳೆತ ತಾಳುವ ಬ್ರೇಡನ್ನು ಕೈಯಿಂದ ಜಗ್ಗಿದರೆ ಲೈನು ತುಂಡಾಗುವ ಮೊದಲು ಬೆರಳು ಕೊಯ್ದುಹೋಗುತ್ತದೆ. ಚಾಕು ಇರುವುದು ಆ ಹೊತ್ತಿಗೆ: ಕಣ್ಣು ಕಾಣುತ್ತಿಲ್ಲ, ಉಸಿರು ಕಟ್ಟಿದೆ, ಒಂದೇ ಕೈ ಬಿಡುವಾಗಿದೆ. ಯಾವ ಚಾಕು ಕೊಳ್ಳಬೇಕು, ಎಲ್ಲಿ ಸಿಕ್ಕಿಸಬೇಕು ಎಂಬುದನ್ನೆಲ್ಲ ಅದನ್ನು ನೆನೆದೇ ತೀರ್ಮಾನಿಸಬೇಕು.

ಹಾಗಾಗಿ ಚಾಕುವಿನ ಜಾಗ ಲೈಫ್ ಜಾಕೆಟ್ಟಿನ ಎದೆ. ಟ್ಯಾಕಲ್ ಬಾಕ್ಸಿನಲ್ಲಿ (ಗಾಳದ ಸಾಮಾನಿನ ಪೆಟ್ಟಿಗೆ) ಇಟ್ಟದ್ದು ಮಗುಚಿದಾಗ ತಳ ಸೇರುತ್ತದೆ. ಸೀಟಿನ ಪಕ್ಕಕ್ಕೆ ಸಿಕ್ಕಿಸಿದ್ದು ಕಯಾಕ್ ಜೊತೆ ತೇಲಿಹೋಗುತ್ತದೆ. ಸೊಂಟದ ಬೆಲ್ಟಿನದು ಜಾಕೆಟ್ಟಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಸ್ಕೂಬಾ ಡೈವರ್‌ಗಳಂತೆ ಮೀನಖಂಡಕ್ಕೆ ಕಟ್ಟುವವರೂ ಇದ್ದಾರೆ, ಆದರೆ ಹಗ್ಗ ಮೊದಲು ಸುತ್ತಿಕೊಳ್ಳುವುದೇ ಕಾಲಿಗೆ.

ಹೆಚ್ಚಿನ ಪ್ಯಾಡ್ಲಿಂಗ್ ಜಾಕೆಟ್ಟುಗಳ ಎದೆಯಲ್ಲಿ ಎರಡು ಸೀಳುಗಳಿರುವ ದಪ್ಪ ಪಟ್ಟಿಯೊಂದು ಹೊಲಿದಿರುತ್ತದೆ. ಅದು ಇಂಥವುಗಳನ್ನು ಸಿಕ್ಕಿಸಲೆಂದೇ ಇರುವುದು. ಒರೆಯ ಕ್ಲಿಪ್ಪನ್ನು ಸೀಳಿನಲ್ಲಿ ತೂರಿಸಿ, ಮೇಲೊಂದು ಕೆಳಗೊಂದು ಜಿಪ್ ಟೈ ಬಿಗಿದು, ಉಳಿದ ತುದಿಗಳನ್ನು ಬುಡಕ್ಕೆ ಕತ್ತರಿಸಿ. ಕತ್ತರಿಸಿದ ತುದಿ ಚೂಪಾಗಿ ಉಳಿದರೆ ಕೈ ಗೀರುತ್ತದೆ, ಉಗುರು ಕತ್ತರಿಯಿಂದ ಸವರಿಬಿಡಿ. ಚಾಕು ಎರಡೂ ಕೈಗೆ ಸಿಗುವಷ್ಟು ನಡುವಿನಲ್ಲಿರಲಿ. ನೀರಿನಿಂದ ಕಯಾಕ್ ಮೇಲೆ ಮತ್ತೆ ಹತ್ತುವಾಗ ಎದೆಯನ್ನು ಅಂಚಿಗೆ ಉಜ್ಜುತ್ತಲೇ ಏರಬೇಕಾಗುತ್ತದೆ. ಹಿಡಿ ಎಲ್ಲೂ ತಡೆಯುತ್ತಿಲ್ಲವೇ ಎಂದು ಮೊಣಕಾಲುದ್ದ ನೀರಿನಲ್ಲಿ ಹತ್ತಿ ಇಳಿದು ನೋಡಿ. ಗಾಳಿ ತುಂಬಿಕೊಳ್ಳುವ ಜಾಕೆಟ್ ನಿಮ್ಮದಾದರೆ ಗಾಳಿಚೀಲದ ಮೇಲೆ ಚಾಕು ಸಿಕ್ಕಿಸಲೇಬೇಡಿ. ಅದರ ನಡುಪಟ್ಟಿಯ ಮುಂಭಾಗದಲ್ಲಿ, ಚೀಲ ಉಬ್ಬಿದಾಗಲೂ ಮುಚ್ಚಿಹೋಗದ ಕಡೆ ಇರಲಿ.

ಇನ್ನು ಚಾಕು. ಮಡಚುವ ಚಾಕು ಈ ಕೆಲಸಕ್ಕೆ ಬೇಡ. ಒದ್ದೆ ಕೈಯಲ್ಲಿ ಅದನ್ನು ತೆರೆಯಲು ಎರಡೂ ಕೈ ಬೇಕಾಗುತ್ತದೆ, ಕೀಲಿನಲ್ಲಿ ಮರಳು ಕೂತರೆ ಅದೂ ಆಗದು. ಒರೆಯಿಂದ ಎಳೆದರೆ ನೇರ ಕೈಗೆ ಬರುವ, ಅಲಗು ಏಳೆಂಟು ಸೆಂಟಿಮೀಟರ್ ಇರುವ ಚಾಕು ಸಾಕು. ತುದಿ ಮೊಂಡಾಗಿರಬೇಕು, ಇದರಲ್ಲಿ ರಾಜಿ ಬೇಡ. ಉಸಿರಿಗಾಗಿ ಒದ್ದಾಡುತ್ತಾ ತೊಡೆಯ ಹತ್ತಿರ ಅಲಗು ತೂರಿಸುವಾಗ ಚೂಪು ತುದಿ ಹಗ್ಗಕ್ಕಿಂತ ಮೊದಲು ಮೈಗೆ ಇಳಿಯುತ್ತದೆ. ಕಯಾಕ್ ಗಾಳಿ ತುಂಬುವಂಥದ್ದಾದರೆ ಇನ್ನೊಂದು ಅಪಾಯ. ಅಲಗಿನ ಅರ್ಧ ಗರಗಸದ ಹಲ್ಲು, ಅರ್ಧ ನುಣುಪಾಗಿದ್ದರೆ ಒಳ್ಳೆಯದು: 6–8 ಮಿಲಿಮೀಟರ್ ನೈಲಾನ್ ಹಗ್ಗವನ್ನು ಹಲ್ಲು ಬೇಗ ಕಡಿಯುತ್ತದೆ, ತೆಳು ಬ್ರೇಡಿಗೆ ನುಣುಪು ಅಂಚೇ ಬೇಕು. ಉಪ್ಪುನೀರಿಗೆ ಟೈಟಾನಿಯಂ ಅಥವಾ ಎಚ್1 ಉಕ್ಕು ಉತ್ತಮ. ಬೆಲೆ ಹೆಚ್ಚು, ತುಕ್ಕಿನ ಕಾಟ ಇಲ್ಲವೆನ್ನುವಷ್ಟು ಕಡಿಮೆ. 420 ಸ್ಟೇನ್‌ಲೆಸ್ ಕೂಡ ಸಾಲುತ್ತದೆ, ಆದರೆ ಪ್ರತಿ ಸಲವೂ ತೊಳೆಯುವ ಶಿಸ್ತು ಇರಬೇಕು.

ಒರೆಯ ಹಿಡಿತವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ತಲೆಕೆಳಗು ಮಾಡಿ ಜೋರಾಗಿ ಕೊಡವಿದರೂ ಚಾಕು ಬೀಳಬಾರದು, ಹೆಬ್ಬೆರಳಿನ ಒಂದೇ ಒತ್ತಿಗೆ ಹೊರಬರಬೇಕು. ಚಾಕುವಿಗೆ ಉದ್ದನೆಯ ದಾರ ಕಟ್ಟುವ ಅಭ್ಯಾಸ ನಮಗೆ ಒಪ್ಪಿಗೆಯಿಲ್ಲ. ಕೈಜಾರಿದ ಅಲಗು ಎದೆಯೆದುರೇ ತೂಗಾಡುತ್ತದೆ, ಸುತ್ತಿಕೊಳ್ಳಲು ಮತ್ತೊಂದು ದಾರ ಸಿಕ್ಕಂತಾಗುತ್ತದೆ. ಅದರ ಬದಲು ಜಾಕೆಟ್ಟಿನ ಜೇಬಿನಲ್ಲಿ ಆಂಬ್ಯುಲೆನ್ಸ್‌ನವರು ಬಟ್ಟೆ ಕತ್ತರಿಸಲು ಬಳಸುವ ಮೊಂಡು ತುದಿಯ ಕತ್ತರಿ ಇಟ್ಟುಕೊಳ್ಳಿ. ಬ್ರೇಡಿಗೂ ಬಲೆಗೂ ಚಾಕುಗಿಂತ ಅದೇ ವಾಸಿ.

ಕೊಯ್ಯುವುದಕ್ಕೂ ಒಂದು ಕ್ರಮವಿದೆ. ಸಡಿಲ ಹಗ್ಗ ಅಲಗಿನ ಮುಂದೆ ಓಡುತ್ತದೆ, ಕಡಿಯುವುದಿಲ್ಲ. ಒಂದು ಕೈಯಿಂದ ಜಗ್ಗಿ ಬಿಗಿ ಮಾಡಿ. ಕೈ ಬಿಡುವಿಲ್ಲದಿದ್ದರೆ ಕುಣಿಕೆಯೊಳಗೆ ಅಲಗು ತೂರಿಸಿ, ಹಗ್ಗವನ್ನು ಅಲಗಿನ ಹಲ್ಲಿಗೆ ಸಿಕ್ಕಿಸಿ, ಮೈಯಿಂದ ಆಚೆಗೆ ಎಳೆಯಿರಿ. ಕೈಗೆ ಸಿಕ್ಕ ಪಟ್ಟಿಯನ್ನೆಲ್ಲ ಕೊಯ್ಯಬೇಡಿ. ಗಾಬರಿಯಲ್ಲಿ ಜಾಕೆಟ್ಟಿನ ಪಟ್ಟಿಯನ್ನೇ ಕತ್ತರಿಸಿದರೆ ಕೆಲಸ ಕೆಡುತ್ತದೆ.

ಲಂಗರಿನ ವಿಷಯ ತುಸು ವಿವರವಾಗಿ ಹೇಳಬೇಕು. ಅಳಿವೆಯಲ್ಲಿ ಇಳಿತ ಶುರುವಾದಾಗ ಲಂಗರು ಹಾಕಿ ನಿಂತ ಕಯಾಕ್ ಮೇಲೆ ಬೀಳುವ ಎಳೆತ ನೋಡನೋಡುತ್ತಿದ್ದಂತೆ ಏರುತ್ತದೆ. ಲಂಗರಿನ ಹಗ್ಗವನ್ನು ಪಕ್ಕದಿಂದ ಎಂದೂ ಬಿಡಬಾರದು: ಆ ಅಂಚು ನೀರಿಗಿಳಿದು ಕಯಾಕ್ ಮಗುಚುತ್ತದೆ. ಹಿಂತುದಿಯ ಬಳೆಯೊಳಗಿಂದ ಹಾಯಿಸಿ, ಸೀಟಿನ ಪಕ್ಕ ಕೈಗೆಟುಕುವ ಕ್ಲೀಟಿಗೆ (ಹಗ್ಗವನ್ನು ಕಚ್ಚಿ ಹಿಡಿಯುವ ಹಿಡಿಕೆ) ತಂದು ಸಿಕ್ಕಿಸಿ. ಅಪಾಯ ಬಂದರೆ ಮೊದಲು ಕ್ಲೀಟಿನಿಂದ ಬಿಡಿಸಿ. ಅದು ಕಚ್ಚಿಕೊಂಡಿದ್ದರೆ ಬಳೆ ಮತ್ತು ಕ್ಲೀಟಿನ ನಡುವೆ, ಸೀಟಿನ ಹತ್ತಿರವೇ ಕೊಯ್ಯಿರಿ. ಹಗ್ಗ ಬಳೆಯೊಳಗಿಂದ ತಾನಾಗಿ ಹರಿದು ಹೊರಟುಹೋಗುತ್ತದೆ. ಹಲವರು ಬಳೆಗೇ ಕ್ಯಾರಾಬೈನರ್ (ಸ್ಪ್ರಿಂಗ್ ಬಾಯಿಯ ಲೋಹದ ಕೊಂಡಿ) ಹಾಕಿ ಲಂಗರು ಕಟ್ಟುತ್ತಾರೆ. ಆಗ ಕೊಯ್ಯಬೇಕಾದ ಜಾಗ ಬೆನ್ನ ಹಿಂದೆ, ಕೈಗೆ ಎಟುಕದಷ್ಟು ದೂರದಲ್ಲಿರುತ್ತದೆ. ಹಗ್ಗದ ತುದಿಗೆ ದಪ್ಪ ಗಂಟು ಹಾಕಿದ್ದರೂ ಅಷ್ಟೇ: ಕ್ಲೀಟಿನಿಂದ ಬಿಡಿಸಿದರೂ ಗಂಟು ಬಳೆಯಲ್ಲಿ ಸಿಕ್ಕು ಕಯಾಕನ್ನು ಹಿಡಿದೇ ಇರುತ್ತದೆ.

ಕಾಳಿ, ಶರಾವತಿಯಂಥ ನದಿಗಳ ಅಳಿವೆಗಳಲ್ಲಿ ಮೀನುಗಾರರು ಇಳಿಬಿಟ್ಟ ಬಲೆಗಳಿರುತ್ತವೆ. ನಿಮ್ಮ ಗಾಳ ಬಲೆಗೆ ಸಿಕ್ಕರೆ ನಿಮ್ಮ ಲೈನನ್ನು ಕೊಯ್ಯಿರಿ, ಬಲೆಯನ್ನಲ್ಲ. ಅದು ಇನ್ನೊಬ್ಬರ ಅನ್ನ. ಚುಕ್ಕಾಣಿ ಸಿಕ್ಕಿದ್ದರೆ ಅದನ್ನು ಎತ್ತಿ, ಹಿಮ್ಮುಖವಾಗಿ ಹುಟ್ಟು ಹಾಕಿ. ಮೈಯೇ ಸಿಕ್ಕಿಕೊಂಡಾಗ ಮಾತ್ರ ಬಲೆ ಕತ್ತರಿಸಬೇಕು, ಆಗ ಹಿಂಜರಿಯಬಾರದು. ಕಾಲು ಬಡಿಯಬೇಡಿ, ಬಡಿದಷ್ಟೂ ಬಲೆ ಸುತ್ತುತ್ತದೆ. ಮೈಗಂಟಿದ ಭಾಗವನ್ನು ಮುಷ್ಟಿಯಲ್ಲಿ ಒಟ್ಟುಗೂಡಿಸಿ ಕತ್ತರಿಯಿಂದ ಒಮ್ಮೆಗೇ ತುಂಡರಿಸಿ. ಗರಗಸದ ಹಲ್ಲಿಗೆ ಬಲೆಯ ಕಣ್ಣುಗಳು ತೊಡರಿಕೊಳ್ಳುತ್ತವೆ.

ಎರೆ ಕತ್ತರಿಸಲು, ಮೀನು ಸೀಳಲು ಬೇರೆ ಚಾಕು ಇರಲಿ. ಎದೆಯ ಚಾಕು ಆ ಕೆಲಸಕ್ಕೆ ಇಳಿದರೆ ಮೊಂಡಾಗುತ್ತದೆ, ಲೋಳೆ ಒರೆಯೊಳಗೆ ಒಣಗಿ ಅಂಟಾಗುತ್ತದೆ, ಕೊನೆಗೆ ಬೇಕಾದ ಹೊತ್ತಿಗೆ ಅದು ಎದೆಯ ಮೇಲಿರುವ ಬದಲು ಕಯಾಕ್‌ನ ಮೂಲೆಯಲ್ಲೆಲ್ಲೋ ಬಿದ್ದಿರುತ್ತದೆ.

ಸೊಂಟದುದ್ದದ ನಿಂತ ನೀರಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು, ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಬಲಗೈಯಿಂದ ತೆಗೆಯುವುದು, ಹಳೆಯ ಲಂಗರು ಹಗ್ಗದ ತುಂಡೊಂದನ್ನು ಕೊಯ್ಯುವುದು, ಒರೆಗೆ ಹಾಕುವುದು; ಆಮೇಲೆ ಎಡಗೈ. ಒರೆಗೆ ಹಾಕುವಾಗ ಮಾತ್ರ ಕಣ್ಣು ತೆರೆದಿರಲಿ.

ಮನೆಗೆ ಬಂದ ಮೇಲೆ ಚಾಕುವನ್ನು ಒರೆಯಿಂದ ತೆಗೆದು ಎರಡನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಒರೆಯ ತೂತಿನೊಳಗೆ ನೀರು ಹಾಯಿಸಿದರೆ ಬೀಗದಲ್ಲಿ ಕೂತ ಮರಳು ಹೋಗುತ್ತದೆ. ಬೇರೆಬೇರೆಯಾಗಿ ಒಣಗಿಸಿ, ಅಲಗಿಗೆ ಹೊಲಿಗೆ ಮೆಷಿನ್ ಎಣ್ಣೆಯ ಒಂದು ಹನಿ ಸವರಿ. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಜಿಗುಟಾಗುತ್ತದೆ. ಕ್ಲಿಪ್ಪಿನ ಸ್ಕ್ರೂ ಸಡಿಲವಾಗಿದೆಯೇ, ಜಿಪ್ ಟೈ ಬಿಸಿಲಿಗೆ ಬಿಳಿಚಿ ಬಿರುಕು ಬಿಟ್ಟಿದೆಯೇ ನೋಡಿ. ಬಿರುಕು ಕಂಡರೆ ಅಂದೇ ಬದಲಿಸಿ. ಬಳಸಿದ ಲೈನಿನ ತುಂಡೊಂದನ್ನು ಎಳೆದು ಹಿಡಿದು ಅಲಗು ತಾಗಿಸಿ: ಒಂದೇ ಎಳೆತಕ್ಕೆ ತುಂಡಾಗದಿದ್ದರೆ ಸಾಣೆಗೆ ಕೊಡಿ.