ಅಕ್ಕಿ ಮೂಟೆ ಯಾವಾಗ, ಎಷ್ಟು ತರಿಸಬೇಕು? 1913ರ ಲೆಕ್ಕ ಇವತ್ತಿಗೂ ಸಾಕು

ಅಂಗಡಿಯ ಮುಂದೆ ಸೋನಾಮಸೂರಿ ಖಾಲಿ, ಹಿಂದಿನ ಕೋಣೆಯಲ್ಲಿ ಆರು ತಿಂಗಳಿಗಾಗುವಷ್ಟು ಶಾಂಪೂ ಪೆಟ್ಟಿಗೆ. ಮೈಸೂರಿನ ದಿನಸಿ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವ ನಾನು ಇದನ್ನು ಬಡಾವಣೆ ಬಡಾವಣೆಯಲ್ಲೂ ಕಂಡಿದ್ದೇನೆ. ಕೇಳಿದರೆ, ‘ಈಗ ಎಲ್ಲ ಆನ್‌ಲೈನು, ಹಳೇ ಲೆಕ್ಕ ನಡೆಯಲ್ಲ ಸಾರ್’ ಅನ್ನುತ್ತಾರೆ. ನಡೆಯುತ್ತದೆ. ನೂರು ವರ್ಷ ದಾಟಿದ ಸೂತ್ರವೂ ನಡೆಯುತ್ತದೆ, ಅದರೊಳಗೆ ಹಾಕುವ ಅಂಕಿ ಮಾತ್ರ ಈ ವರ್ಷದ್ದಾಗಿರಬೇಕು. ನೋಟ್‌ಬುಕ್ಕು, ಫೋನಿನ ಕ್ಯಾಲ್ಕುಲೇಟರ್ ಇದ್ದರೆ ಒಂದು ಭಾನುವಾರದ ಕೆಲಸ.

ಮೊದಲನೆಯದು: ಸರಕನ್ನು ವರ್ಷದ ವ್ಯಾಪಾರದ ದುಡ್ಡಿನ ಪ್ರಕಾರ ಎ, ಬಿ, ಸಿ ಎಂದು ವಿಂಗಡಿಸಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ 1951ರಲ್ಲಿ ಹೇಳಿದ ಕ್ರಮ ಇದು. ಹೆಚ್ಚು ದುಡ್ಡು ತರುವುದು ಎ, ಕಡಿಮೆ ತರುವುದು ಸಿ. ಮುಂದಿನ ಲೆಕ್ಕವೆಲ್ಲ ಎ ಗುಂಪಿಗೆ ಮಾತ್ರ, ಬೆಂಕಿಪೊಟ್ಟಣಕ್ಕೆ ಬೇಡ.

ಎರಡನೆಯದು: ಒಂದು ಸಲಕ್ಕೆ ಎಷ್ಟು? ಫೋರ್ಡ್ ಹ್ಯಾರಿಸ್ ಎಂಬಾತ 1913ರಲ್ಲಿ ಕೊಟ್ಟ ಸೂತ್ರ ಹಿಡಿಯಿರಿ. ವರ್ಷದ ಮಾರಾಟವನ್ನು ಒಂದು ಲೋಡಿನ ಖರ್ಚಿನಿಂದ ಗುಣಿಸಿ, ಎರಡರಿಂದ ಗುಣಿಸಿ, ಒಂದು ಮೂಟೆಯನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ಬಂದದ್ದಕ್ಕೆ ವರ್ಗಮೂಲ ತೆಗೆಯಿರಿ. ವರ್ಷಕ್ಕೆ 600 ಮೂಟೆ ಹೋಗುತ್ತದೆ ಎನ್ನಿ. ಬಂಡಿಪಾಳ್ಯದ ಯಾರ್ಡಿನಿಂದ ತರಿಸಲು ಗಾಡಿ ಬಾಡಿಗೆ, ಹಮಾಲಿ ಸೇರಿ 300 ರೂಪಾಯಿ. 1,500 ರೂಪಾಯಿಯ ಮೂಟೆಗೆ ಬಡ್ಡಿ 180, ಜಾಗ, ಇಲಿ, ಹುಳು ಎಂದು 45, ಒಟ್ಟು 225. ಉತ್ತರ 40 ಮೂಟೆ. ಗಾಡಿ ತುಂಬಲಿ ಎಂದು 50 ತರಿಸಿದರೂ ವರ್ಷದ ಖರ್ಚು 9,000ದಿಂದ 9,225 ಆಗುತ್ತದೆ, ಅಷ್ಟೇ. ಈ ಸೂತ್ರ ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಹೊಟ್ಟೆಗೆ ಹಾಕಿಕೊಳ್ಳದ್ದು ಮೂರನೆಯ ಹೆಜ್ಜೆ: ಯಾವಾಗ ತರಿಸಬೇಕು? ನಾನು ನೋಡಿದ ನಷ್ಟಗಳಲ್ಲಿ ಹೆಚ್ಚಿನವು ಇಲ್ಲೇ ಆದವು. ಸಗಟು ವ್ಯಾಪಾರಿ ‘ನಾಲ್ಕೇ ದಿನ’ ಅನ್ನುತ್ತಾರೆ. ದಿನಕ್ಕೆ ಎರಡು ಮೂಟೆಯಂತೆ ಎಂಟು ಮೂಟೆ ಉಳಿದಾಗ ಫೋನ್ ಮಾಡುತ್ತೀರಿ. ಲೋಡು ಬರುವುದು ಎಂಟನೆಯ ದಿನ. ನಾಲ್ಕು ದಿನ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಕೆಲವರು ಅಲ್ಲೇ ಉಳಿಯುತ್ತಾರೆ.

ಆದ್ದರಿಂದ ಬಾಯಿಮಾತಿನ ದಿನ ಬಿಟ್ಟು, ಹಿಂದಿನ ಹತ್ತು ಲೋಡುಗಳ ಬಿಲ್ಲು ತೆಗೆಯಿರಿ. ಎಣಿಕೆ ಶುರುವಾಗಬೇಕಾದದ್ದು ಗಾಡಿ ಹೊರಟ ದಿನದಿಂದಲ್ಲ, ನೀವು ಫೋನ್ ಮಾಡಿದ ದಿನದಿಂದ. ಮೂಟೆ ಅಟ್ಟಿಗೆ ಬಿದ್ದ ದಿನಕ್ಕೆ ಮುಗಿಯಬೇಕು. ಸರಾಸರಿ ಐದು ದಿನ, ಅತಿ ತಡವಾದದ್ದು ಎಂಟು ದಿನ ಎಂದು ಸಿಕ್ಕಿತು ಅಂದುಕೊಳ್ಳಿ. ಇನ್ನು ಮಾರಾಟ: ಸರಾಸರಿ ದಿನಕ್ಕೆ ಎರಡು, ಬಿಗಿಯಾದ ದಿನ ಮೂರು. ಇಲ್ಲಿ ಎಚ್ಚರ ಬೇಕು. ಅಕ್ಕಿಯೇ ಇಲ್ಲದ ದಿನ ಬಿಲ್ಲಿನಲ್ಲಿ ಸೊನ್ನೆ ಕಾಣುತ್ತದೆ. ಅದು ಬೇಡಿಕೆ ಇಲ್ಲದ ದಿನವಲ್ಲ, ನೀವು ಕೊಡಲಾಗದ ದಿನ. ಅದನ್ನು ಸರಾಸರಿಗೆ ಸೇರಿಸಿದರೆ ಮುಂದಿನ ಸಲ ಇನ್ನೂ ಕಡಿಮೆ ತರಿಸುತ್ತೀರಿ, ಮತ್ತೆ ಖಾಲಿಯಾಗುತ್ತದೆ. ಕೆಲವು ಅಗ್ಗದ ಬಿಲ್ಲಿಂಗ್ ಆ್ಯಪುಗಳು ಈ ಸೊನ್ನೆಯನ್ನು ಕಣ್ಣುಮುಚ್ಚಿ ಕೂಡಿಸುತ್ತವೆ. ಅಂಥದ್ದನ್ನು ಕೊಳ್ಳಲೇಬೇಡಿ.

ಮೂರನ್ನು ಎಂಟರಿಂದ ಗುಣಿಸಿದರೆ 24. ಸರಾಸರಿಯ ಹತ್ತು ಮೂಟೆ ಕಳೆದರೆ ಉಳಿಯುವ 14 ನಿಮ್ಮ ಕಾಪುದಾಸ್ತಾನು, ಅಂದರೆ ಲೋಡು ತಡವಾದರೂ ಮಾರಾಟ ಏರಿದರೂ ಕೈಹಿಡಿಯುವ ಸರಕು. 24 ಮೂಟೆ ಅಟ್ಟಿಯ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಿರಿ. ಅಟ್ಟಿ ಗೆರೆಗೆ ಇಳಿದ ದಿನವೇ ಫೋನು. ಟೊಯೊಟಾದ ತೈಚಿ ಓನೊ ಕಾರ್ಖಾನೆಯಲ್ಲಿ ತಂದ, ‘ಇದು ಮುಗಿಯಿತು, ಮತ್ತೆ ಕಳಿಸಿ’ ಎಂದು ತಿಳಿಸುವ ಕಾನ್‌ಬಾನ್ ಚೀಟಿಯ ಕೆಲಸವನ್ನೇ ಈ ಗೆರೆ ಮಾಡುತ್ತದೆ. ಫೋನ್ ಮಾಡಿದ ಮೇಲೆ ದಾರಿಯಲ್ಲಿರುವ ಮೂಟೆಯನ್ನೂ ಎಣಿಕೆಗೆ ಹಿಡಿಯಿರಿ. ಅದನ್ನು ಮರೆತು ಎರಡನೆಯ ಸಲ ಆರ್ಡರ್ ಕೊಟ್ಟವರ ಗೋಡೌನಿನಲ್ಲಿ 80 ಮೂಟೆ ಬಂದು ಬಿದ್ದಿದ್ದನ್ನು ಕಂಡಿದ್ದೇನೆ.

‘ಟೊಯೊಟಾ ಸ್ಟಾಕೇ ಇಡಲ್ಲವಂತೆ’ ಎಂದು ಕಾಪುದಾಸ್ತಾನು ತೆಗೆಯಬೇಡಿ. 2011ರ ಜಪಾನಿನ ಭೂಕಂಪದಲ್ಲಿ ಪೆಟ್ಟು ತಿಂದ ಮೇಲೆ ಅದೇ ಕಂಪನಿ, ಕಾರಿನ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತಿಂಗಳುಗಟ್ಟಲೆ ಸಾಲುವಷ್ಟು ಇಟ್ಟುಕೊಂಡಿರುವಂತೆ ತನ್ನ ಪೂರೈಕೆದಾರರಿಗೆ ಹೇಳಿತು. 2021ರ ಚಿಪ್ ಬರದ ಮೊದಲ ತಿಂಗಳುಗಳಲ್ಲಿ ಕಂಪನಿಯನ್ನು ಕಾಪಾಡಿದ್ದು ಆ ದಾಸ್ತಾನೇ.

ಹೊಸ ಮೂಟೆ ಹಿಂದಕ್ಕೆ, ಹಳೆಯದು ಮುಂದಕ್ಕೆ.

ಇನ್ನು ದಸರೆ. ಗಿರಾಕಿ ಒಂದು ಕೆ.ಜಿ. ರವೆ ಹೆಚ್ಚು ಕೊಂಡರೆ ಅಂಗಡಿಯವರು ಒಂದು ಮೂಟೆ ಹೆಚ್ಚು ಹೇಳುತ್ತಾರೆ, ಸಂತೆಪೇಟೆಯ ಸಗಟಿನವರು ಹತ್ತು ಮೂಟೆ, ಮಿಲ್ಲಿನವರು ಲಾರಿಗಟ್ಟಲೆ. ಬಾರುಕೋಲಿನ ಹಿಡಿ ಚೂರು ಅಲುಗಿದರೆ ತುದಿ ಎಷ್ಟು ದೂರ ಬೀಸುತ್ತದೆ ನೋಡಿ, ಹಾಗೆ. ಎಂಐಟಿಯ ಜೇ ಫಾರೆಸ್ಟರ್ ಈ ಏರಿಳಿತವನ್ನು 1958ರಲ್ಲೇ ವಿವರಿಸಿದ್ದರು. ಮುಂದೆ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯವರು ಡೈಪರ್ ವ್ಯಾಪಾರದಲ್ಲಿ ಅದನ್ನೇ ಕಂಡು ಚಾಟಿಯ ಹೆಸರಿಟ್ಟರು: ಮಕ್ಕಳ ಬಳಕೆ ಹೆಚ್ಚುಕಡಿಮೆ ಒಂದೇ, ಆರ್ಡರು ಮಾತ್ರ ಏರಿ ಇಳಿಯುತ್ತಿತ್ತು. ಮದ್ದು ಸುಲಭ. ಕಳೆದ ದಸರೆಯ ಬಿಲ್ಲು ನೋಡಿ ಹೇಳಿ, ಅಂದಾಜಿಗೆ ಬೀಳಬೇಡಿ. ಸಗಟಿನವರಿಗೆ ಆರ್ಡರಿನ ಜೊತೆ ನಿಮ್ಮ ದಿನದ ಮಾರಾಟವನ್ನೂ ವಾಟ್ಸ್‌ಆ್ಯಪ್ ಮಾಡಿ. ‘ಹತ್ತಕ್ಕೆ ಒಂದು ಫ್ರೀ’ ಸ್ಕೀಮಿಗೆ ಗೆರೆಯ ಲೆಕ್ಕ ಕೆಡಿಸಬೇಡಿ. ಶಾಂಪೂ ಪೆಟ್ಟಿಗೆಗಳು ಹಿಂದಿನ ಕೋಣೆ ಸೇರಿದ್ದು ಆ ದಾರಿಯಲ್ಲೇ.

ಮೂರು ತಿಂಗಳಿಗೊಮ್ಮೆ ಹತ್ತು ಬಿಲ್ಲು ಮತ್ತೆ ತೆಗೆಯಿರಿ. ಸಗಟಿನವರು ಬದಲಾದರೆ ಅಷ್ಟು ದಿನವೂ ಕಾಯದೆ, ಮೊದಲ ಮೂರು ಲೋಡು ಬಂದ ಕೂಡಲೇ ಹಳೆ ಗೆರೆ ಒರೆಸಿ ಹೊಸದು ಎಳೆಯಿರಿ.