ಮೊಂಡಾದ ಡ್ರಿಲ್ ಬಿಟ್ಟಿಗೆ ಮನೆಯಲ್ಲೇ ಸಾಣೆ ಹಿಡಿಯುವ ಬಗೆ

ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯಾದ ಆಸುಪಾಸಿನ ತೋಟದ ಮನೆಗಳಲ್ಲಿ, ಡ್ರಿಲ್ಲಿಂಗ್ ಮೆಷಿನ್ ಈಗ ಕತ್ತಿ, ಹಾರೆಗಳಷ್ಟೇ ಸಾಮಾನ್ಯವಾದ ಸಾಧನವಾಗಿದೆ. ಸ್ಪ್ರಿಂಕ್ಲರಿನ ಪೈಪಿಗೆ ತೂತು ಕೊರೆಯುವುದರಿಂದ ಹಿಡಿದು ಅಡಿಕೆ ಒಣಗಿಸುವ ಅಂಗಳಕ್ಕೆ ಪ್ಲಾಸ್ಟಿಕ್ ಮಾಡು ಕಟ್ಟುವವರೆಗೆ ಅದಕ್ಕೆ ವರ್ಷವಿಡೀ ಕೆಲಸವಿರುತ್ತದೆ. ಆದರೆ ಮೆಷಿನ್ ವರ್ಷಗಟ್ಟಲೆ ಬಾಳುವ ಮನೆಯಲ್ಲೇ ಬಿಟ್‌ಗಳು ಮಾತ್ರ ಬೇಗನೆ ಮೊಂಡಾಗಿ ಡಬ್ಬಿಯ ತಳ ಸೇರುತ್ತವೆ. ಕತ್ತಿಯ ಬಾಯಿ ಹೋದರೆ ಕಲ್ಲಿಗೆ ಉಜ್ಜಿ ಹರಿತ ಮಾಡಿಕೊಳ್ಳುವ ನಾವು, ಬಿಟ್ ಮೊಂಡಾದರೆ ಪೇಟೆಗೆ ಹೋಗಿ ಹೊಸದನ್ನು ತರುತ್ತೇವೆ. ಇದರ ಅಗತ್ಯವಿಲ್ಲ. 5 ಮಿಲಿಮೀಟರಿಗಿಂತ ದಪ್ಪದ ಯಾವುದೇ ಕಬ್ಬಿಣ ಕೊರೆಯುವ ಬಿಟ್ಟನ್ನು ಮನೆಯ ಬೆಂಚ್ ಗ್ರೈಂಡರಿನಲ್ಲಿ (ಮೇಜಿಗೆ ಕೂರಿಸಿದ, ಸಾಣೆಚಕ್ರ ತಿರುಗುವ ಯಂತ್ರದಲ್ಲಿ) ಐದು ನಿಮಿಷದೊಳಗೆ ಮತ್ತೆ ಕೆಲಸಕ್ಕೆ ತರಬಹುದು. 3 ಮಿಲಿಮೀಟರಿಗಿಂತ ಸಣ್ಣದಕ್ಕೆ ಮಾತ್ರ ಅಷ್ಟು ಶ್ರಮ ಪಡುವುದು ಬೇಡವೆಂಬುದು ನನ್ನ ಅಭಿಪ್ರಾಯ.

ಬಿಟ್ ಮೊಂಡಾಗಿದೆಯೆಂದು ತಿಳಿಯಲು ಅದನ್ನು ಬೆರಳಿನಿಂದ ಮುಟ್ಟಿ ನೋಡಬೇಕಾಗಿಲ್ಲ. ಹರಿತವಾದ ಬಿಟ್ ಕಬ್ಬಿಣದಿಂದ ಸುರುಳಿ ಸುರುಳಿಯಾಗಿ ಹೆರೆಯನ್ನು ಎಬ್ಬಿಸುತ್ತದೆ. ಮೊಂಡಾದದ್ದು ಪುಡಿಯನ್ನಷ್ಟೇ ಉದುರಿಸಿ, ಕಿರುಚಿ, ಹೊಗೆಯಾಡುತ್ತದೆ. ತುದಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಮೊಂಡಾದ ಅಂಚಿನ ಮೇಲೆ ಕೂದಲೆಳೆಯಂಥ ಬಿಳಿಯ ಗೆರೆ ಹೊಳೆಯುತ್ತದೆ. ಹರಿತವಾದ ಅಂಚಿಗೆ ಬೆಳಕು ತಂಗಲು ಜಾಗವಿರುವುದಿಲ್ಲವಾದ್ದರಿಂದ ಅಲ್ಲಿ ಏನೂ ಹೊಳೆಯುವುದಿಲ್ಲ. ಹೊರಮೂಲೆಗಳು ಉರುಟಾಗಿದ್ದರೆ ಆ ಉರುಟುತನ ಪೂರ್ತಿ ಹೋಗುವವರೆಗೆ ಬಿಟ್ಟನ್ನು ಸವೆಸಲೇಬೇಕು, ಮೂಲೆಯನ್ನು ಹಾಗೆಯೇ ಬಿಟ್ಟು ಮೊನೆಯನ್ನಷ್ಟೇ ಚೂಪು ಮಾಡಿದರೆ ಎರಡನೆಯ ತೂತಿಗೇ ಮತ್ತೆ ಹೊಗೆ ಬರುತ್ತದೆ.

ಇನ್ನು ಬಿಟ್ಟಿನ ತುದಿಯ ರಚನೆ. ಸುರುಳಿಯಾಗಿ ಮೇಲೇರುವ ಎರಡು ತೋಡುಗಳು ತುದಿಗೆ ಬಂದು ಸೇರುವಲ್ಲಿ ಎರಡು ಕತ್ತರಿಸುವ ಅಂಚುಗಳಿವೆ. ಎರಡೂ ಅಂಚುಗಳ ನಡುವೆ, ನಟ್ಟನಡುವಿನ ತಿರುಳಿನ ಮೇಲೆ, ಉಳಿಯ ಬಾಯಿಯಂತೆ ಕಾಣುವ ಸಣ್ಣ ಗೆರೆಯೊಂದಿದೆ. ಪ್ರತಿ ಅಂಚಿನ ಹಿಂದೆ ಇಳಿಜಾರಾಗಿ ಹೋಗುವ ಮೈ ಇದೆ. ಅದರ ಕೊನೆಯನ್ನು ಇಲ್ಲಿ ಹಿಮ್ಮಡಿ ಎಂದು ಕರೆಯುತ್ತೇನೆ. ಸಾಮಾನ್ಯ ಬಿಟ್ಟಿನಲ್ಲಿ ಎರಡು ಅಂಚುಗಳ ನಡುವಿನ ಕೋನ 118 ಡಿಗ್ರಿ, ಅಂದರೆ ಬಿಟ್ಟಿನ ಉದ್ದಕ್ಕೂ ನಟ್ಟನಡುವೆ ಹಾದುಹೋಗುವ ನೇರದಿಂದ ಒಂದೊಂದು ಬದಿಗೆ 59 ಡಿಗ್ರಿ. ಸ್ಟೇನ್‌ಲೆಸ್ ಸ್ಟೀಲಿನಂಥ ಗಟ್ಟಿ ಲೋಹಕ್ಕೆ ಮಾಡಿದ ಬಿಟ್‌ಗಳಲ್ಲಿ ಇದು 135 ಡಿಗ್ರಿ ಇರುತ್ತದೆ. ಅಂಚಿನಿಂದ ಹಿಮ್ಮಡಿಯ ಕಡೆಗೆ ಮೈ 8ರಿಂದ 12 ಡಿಗ್ರಿಯಷ್ಟು ಇಳಿದಿರಬೇಕು.

ಈ ಇಳಿಜಾರೇ ಎಲ್ಲಕ್ಕಿಂತ ಮುಖ್ಯ, ಮತ್ತು ಎಲ್ಲರೂ ತಪ್ಪುವುದು ಇಲ್ಲಿಯೇ. ಅಂಗಳದ ಮಾಡಿಗಾಗಿ ಆ್ಯಂಗಲ್ ಪಟ್ಟಿ ಕೊರೆಯುತ್ತಿದ್ದಾಗ ನಾನು ಸಾಣೆ ಹಿಡಿದ 10 ಮಿಲಿಮೀಟರಿನ ಬಿಟ್ಟೊಂದು ನೋಡಲು ಸೂಜಿಯಂತೆ ಚೂಪಾಗಿತ್ತು, ಆದರೆ ಮೈಭಾರವನ್ನೆಲ್ಲ ಹಾಕಿ ಒತ್ತಿದರೂ ಕಬ್ಬಿಣದ ಮೇಲೆ ಹೊಳೆಯುವ ಉಂಗುರವೊಂದನ್ನು ಮೂಡಿಸಿತೇ ಹೊರತು ಒಳಗೆ ಇಳಿಯಲಿಲ್ಲ. ಪೇಟೆಯಲ್ಲಿ ಲೇತ್ ಕೆಲಸ ಮಾಡುವ ಹಿರಿಯರೊಬ್ಬರು ಅದನ್ನು ಕೈಗೆತ್ತಿಕೊಂಡು ಒಮ್ಮೆ ತಿರುಗಿಸಿ ನೋಡಿ, “ಮೊನೆ ನೋಡುವುದಲ್ಲ ಮಾರಾಯ್ರೇ, ಹಿಂದೆ ನೋಡಿ” ಎಂದರು. ಹಿಮ್ಮಡಿಯು ಅಂಚಿಗಿಂತ ಎತ್ತರದಲ್ಲಿತ್ತು. ಹಿಮ್ಮಡಿ ಮೊದಲು ಕಬ್ಬಿಣಕ್ಕೆ ತಾಗಿದರೆ ಅಂಚು ಎಷ್ಟೇ ಹರಿತವಾಗಿದ್ದರೂ ಕಬ್ಬಿಣವನ್ನು ಮುಟ್ಟುವುದೇ ಇಲ್ಲ; ಬಿಟ್ ಉಜ್ಜುತ್ತದೆ, ಕಾಯುತ್ತದೆ, ಕೊರೆಯುವುದಿಲ್ಲ. ಉಳಿ ಹಿಡಿದ ಆಚಾರಿಯ ಕೈಯನ್ನು ಗಮನಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಉಳಿಯ ಹಿಂಭಾಗ ಅಂಚನ್ನು ಮರದಿಂದ ಎತ್ತಿಹಿಡಿದರೆ ಅದೂ ಮರವನ್ನು ಹೆರೆಯುವುದಿಲ್ಲ.

ಸಾಧನದ ಮಾತಿಗೆ ಬಂದರೆ, 6 ಇಂಚಿನ ಚಕ್ರದ ಬೆಂಚ್ ಗ್ರೈಂಡರ್ ಸಾಕು. ಚಕ್ರ ಅಲ್ಯೂಮಿನಿಯಂ ಆಕ್ಸೈಡಿನದಾಗಿದ್ದು, ಅದರ ಕಣದ ಸಂಖ್ಯೆ (ಚಕ್ರದ ತರಿಯ ನುಣುಪನ್ನು ಹೇಳುವ ಅಂಕಿ) 60 ಅಥವಾ 80 ಇದ್ದರೆ ಒಳ್ಳೆಯದು. ಕೈ ಇಡುವ ಆಧಾರಪಟ್ಟಿಗೂ ಚಕ್ರಕ್ಕೂ ನಡುವಿನ ಸಂದಿ 3 ಮಿಲಿಮೀಟರಿಗಿಂತ ಹೆಚ್ಚಿರಬಾರದು, ಹೆಚ್ಚಿದ್ದರೆ ಬಿಟ್ ಅಥವಾ ಬೆರಳು ಅದರೊಳಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಹೊಸ ಚಕ್ರ ಕೂರಿಸುವ ಮೊದಲು ಅದನ್ನು ಒಂದು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲನೆ ತಟ್ಟಬೇಕು. ಘಂಟೆಯಂತೆ ಸ್ಪಷ್ಟ ನಾದ ಬಂದರೆ ಸರಿ, ಒಡೆದ ಮಡಕೆಯ ಸದ್ದು ಬಂದರೆ ಅದರಲ್ಲಿ ಬಿರುಕಿದೆ, ಎಸೆಯಬೇಕು. ಗ್ರೈಂಡರ್ ಚಾಲೂ ಮಾಡಿದ ಮೊದಲ ಒಂದು ನಿಮಿಷ ಚಕ್ರದ ನೇರಕ್ಕೆ ನಿಲ್ಲದೆ ಬದಿಗೆ ಸರಿದು ನಿಲ್ಲಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಕೈಗೆ ಗ್ಲೌಸು ಸಲ್ಲದು, ಮುಂಡಿನ ಅಂಚಾಗಲಿ ಹೆಗಲ ಬೈರಾಸಾಗಲಿ ಜೋತಾಡಬಾರದು. ಆ್ಯಂಗಲ್ ಗ್ರೈಂಡರಿನ ತೆಳುವಾದ ಕಟ್ಟಿಂಗ್ ಚಕ್ರದ ಮಗ್ಗುಲಿಗೆ ಬಿಟ್ಟನ್ನು ಒತ್ತಿ ಸಾಣೆ ಹಿಡಿಯುವುದನ್ನು ನಮ್ಮ ಕಡೆ ಹಲವರು ಮಾಡುವುದನ್ನು ಕಂಡಿದ್ದೇನೆ. ಆ ಚಕ್ರ ಮಗ್ಗುಲಿನ ಒತ್ತಡ ತಾಳುವಂತೆ ಮಾಡಿದ್ದಲ್ಲ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿರುವಾಗ ಅದು ಒಡೆದು ಚೂರಾದರೆ ಎದುರಿಗಿರುವವರ ಮುಖಕ್ಕೇ ಬಂದು ಬಡಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕೆಲಸ ಕಲಿಯಲು ಮೊದಲು ಗ್ರೈಂಡರನ್ನು ಆಫ್ ಮಾಡಿ ಇಡಿ, ಹೊಸದಾದ 10 ಅಥವಾ 12 ಮಿಲಿಮೀಟರಿನ ಬಿಟ್ಟೊಂದನ್ನು ತೆಗೆದುಕೊಳ್ಳಿ. ದೊಡ್ಡ ಬಿಟ್ಟಿನಲ್ಲಿ ಅಂಚು, ಇಳಿಜಾರು, ಹಿಮ್ಮಡಿ ಎಲ್ಲವೂ ಕಣ್ಣಿಗೆ ಸರಿಯಾಗಿ ಕಾಣುವುದರಿಂದ ಕಲಿಯಲು ಅದೇ ಸುಲಭ. ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕದಿಂದ ಅಳೆದು, ಚಕ್ರದ ಮುಖಕ್ಕೆ 59 ಡಿಗ್ರಿಯಾಗುವಂತೆ ಆಧಾರಪಟ್ಟಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಎಡಗೈಯ ತೋರುಬೆರಳನ್ನು ಆಧಾರಪಟ್ಟಿಯ ಮೇಲೆ ಊರಿ, ಅದರ ಮೇಲೆ ಬಿಟ್ಟನ್ನು ತುದಿಗೆ ಹತ್ತಿರವಾಗಿ ಇಟ್ಟು ಹೆಬ್ಬೆರಳಿನಿಂದ ಅದುಮಿ ಹಿಡಿಯಿರಿ. ಬಲಗೈಯಲ್ಲಿ ಬಿಟ್ಟಿನ ಬುಡವಿರಲಿ. ಬಿಟ್ ಗೆರೆಯ ನೇರಕ್ಕೆ ಇರಬೇಕು, ಕತ್ತರಿಸುವ ಅಂಚು ಮೇಲ್ಗಡೆಯಲ್ಲಿ ನೆಲಕ್ಕೆ ಸಮಾನವಾಗಿ ಮಲಗಿರಬೇಕು. ಈಗ ಅಂಚನ್ನು ಚಕ್ರಕ್ಕೆ ತಾಗಿಸಿ, ಬುಡವನ್ನು ನಿಧಾನವಾಗಿ ಕೆಳಗಿಳಿಸುತ್ತ, ಜತೆಗೆ ತೀರಾ ಸ್ವಲ್ಪವಾಗಿ ಬಲಕ್ಕೆ ಹೊರಳಿಸಿ. ಹೊಸ ಬಿಟ್ಟಿನ ಮೈ ಅಂಚಿನಿಂದ ಹಿಮ್ಮಡಿಯವರೆಗೆ ಚಕ್ರಕ್ಕೆ ಅಂಟಿಕೊಂಡೇ ಸಾಗುವುದು ಕೈಗೆ ತಿಳಿಯುತ್ತದೆ. ನಿಂತ ಚಕ್ರದ ಮೇಲೆ ಈ ಚಲನೆಯನ್ನು ಇಪ್ಪತ್ತು ಮೂವತ್ತು ಸಲ ಮಾಡಿದರೆ ಕೈಗೆ ಅದು ರೂಢಿಯಾಗುತ್ತದೆ. ಓದಿ ತಿಳಿಯುವುದಕ್ಕಿಂತ ಹೀಗೆ ಹೊಸ ಬಿಟ್ಟಿನಿಂದಲೇ ಕಲಿಯುವುದು ಎಷ್ಟೋ ಮೇಲು.

ಬಳಿಕ ಗ್ರೈಂಡರ್ ಚಾಲೂ ಮಾಡಿ ಮೊಂಡಾದ ಬಿಟ್ಟಿನಲ್ಲಿ ಅದೇ ಚಲನೆಯನ್ನು ಮಾಡಿ. ಒತ್ತುವುದು ಬೇಡ, ಚಕ್ರ ತಾನೇ ಸವೆಸುತ್ತದೆ. ಬುಡವನ್ನು ಎಂದಿಗೂ ಮೇಲಕ್ಕೆತ್ತಬಾರದು, ಎತ್ತಿದರೆ ಹಿಂದಿನ ಇಳಿಜಾರು ಹೋಗಿ ಅಂಚೇ ತಗ್ಗಾಗುತ್ತದೆ. ಬಲಕ್ಕೆ ಹೆಚ್ಚು ಹೊರಳಿಸಿದರೆ ಎದುರು ಬದಿಯ ಅಂಚು ಚಕ್ರಕ್ಕೆ ತಾಗಿ ಹಾಳಾಗುತ್ತದೆ. ಒಂದು ಬದಿಗೆ ಎರಡು ಸಲ ಹಿಡಿದ ಮೇಲೆ, ಎಡಗೈಯನ್ನು ಇದ್ದಲ್ಲಿಂದ ಕದಲಿಸದೆ, ಬಿಟ್ಟನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಬದಿಗೂ ಅಷ್ಟೇ ಒತ್ತಡದಲ್ಲಿ ಎರಡೇ ಸಲ ಹಿಡಿಯಬೇಕು. ಒಂದು ಬದಿಯನ್ನು ಪೂರ್ತಿ ಮುಗಿಸಿ ಮತ್ತೊಂದಕ್ಕೆ ಹೋದರೆ ಅಂಚುಗಳ ಉದ್ದ ಸಮನಾಗುವುದಿಲ್ಲ. ಉದ್ದ ಸಮನಾಗದಿದ್ದರೆ ಮೊನೆ ನಡುವಿನಿಂದ ಸರಿದು 10 ಮಿಲಿಮೀಟರಿನ ಬಿಟ್ ಹತ್ತಕ್ಕಿಂತ ದೊಡ್ಡ ತೂತು ಕೊರೆಯುತ್ತದೆ.

ಕೋನ ನೋಡಲು ಅಂಗಡಿಯ ಅಳತೆಪಟ್ಟಿ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದೇ ಅಳತೆಯ ಎರಡು ಆರುಮೂಲೆಯ ನಟ್‌ಗಳನ್ನು ಚಪ್ಪಟೆ ಮಗ್ಗುಲಿಗೆ ಮಗ್ಗುಲು ಒತ್ತಿ ಮೇಜಿನ ಮೇಲಿಟ್ಟರೆ ಅವೆರಡರ ನಡುವೆ ಆಗುವ ಸಂದಿಯ ಕೋನ ಸರಿಯಾಗಿ 120 ಡಿಗ್ರಿ. ಬಿಟ್ಟಿನ ಮೊನೆಯನ್ನು ಆ ಸಂದಿಗಿಟ್ಟು ಬೆಳಕಿಗೆ ಹಿಡಿದರೆ ಎರಡೂ ಬದಿಯಲ್ಲಿ ಬೆಳಕು ಹೆಚ್ಚುಕಡಿಮೆ ಮುಚ್ಚಬೇಕು, 118ಕ್ಕೂ 120ಕ್ಕೂ ಇರುವ ಅಂತರ ಮನೆಗೆಲಸದಲ್ಲಿ ಲೆಕ್ಕಕ್ಕಿಲ್ಲ. ಬಿಟ್ಟನ್ನು ಮೊನೆಯ ಕಡೆಯಿಂದ ನೇರವಾಗಿ ನೋಡಿದಾಗ ನಡುವಿನ ಉಳಿಗೆರೆಯು ಅಂಚಿನ ಜತೆ 120ರಿಂದ 135 ಡಿಗ್ರಿಯಷ್ಟು ಓರೆಯಾಗಿರಬೇಕು. ಅದು ಅಂಚಿಗೆ ಅಡ್ಡಲಾಗಿ ನೆಟ್ಟಗೆ ನಿಂತಂತೆ ಕಂಡರೆ ಇಳಿಜಾರು ಸಾಲದು ಎಂದರ್ಥ. ಇಳಿಜಾರು ಅತಿಯಾದರೂ ತೊಂದರೆಯೇ, ಅಂಚಿನ ಬೆನ್ನಿಗೆ ಬಲವಿಲ್ಲದೆ ಚಕ್ಕೆ ಏಳುತ್ತದೆ.

ಕೊನೆಯ ಪರೀಕ್ಷೆಯನ್ನು ಕಬ್ಬಿಣದ ತುಂಡಿನ ಮೇಲೆಯೇ ಮಾಡಬೇಕು. ಪಂಚಿನಿಂದ ಗುಳಿ ಹಾಕಿ, ಒಂದು ತೊಟ್ಟು ಎಣ್ಣೆ ಬಿಟ್ಟು ಕೊರೆಯಿರಿ. ಎರಡು ತೋಡುಗಳಿಂದಲೂ ಒಂದೇ ದಪ್ಪದ ಎರಡು ಸುರುಳಿಗಳು ಎದ್ದು ಬರುವುದನ್ನು ಕಂಡಾಗ ಆಗುವ ಸಂತೋಷ ಹೊಸ ಬಿಟ್ ಕೊಂಡಾಗ ಆಗುವುದಿಲ್ಲ. ಒಂದೇ ಬದಿಯಿಂದ ಸುರುಳಿ ಬಂದರೆ ಆ ಬದಿಯ ಅಂಚು ಮುಂದಿದೆ, ಅದನ್ನೇ ಇನ್ನೊಮ್ಮೆ ಚಕ್ರಕ್ಕೆ ಹಿಡಿಯಬೇಕು. ಕೊರೆದ ತೂತಿಗೆ ಅದೇ ಬಿಟ್ಟಿನ ಬುಡವನ್ನು ತೂರಿಸಿ ನೋಡಿ. ಅಲುಗಾಡಿದರೆ ಅಂಚುಗಳ ಉದ್ದದಲ್ಲಿ ವ್ಯತ್ಯಾಸವಿದೆ.

ಬಿಸಿಯ ವಿಷಯದಲ್ಲಿ ಬಿಟ್ ಯಾವ ಉಕ್ಕಿನದೆಂದು ತಿಳಿದಿರುವುದು ಒಳ್ಳೆಯದು. ಚಕ್ರಕ್ಕೆ ತಾಗಿಸಿದಾಗ ಕವಲೊಡೆದ ಬೆಳ್ಳನೆಯ ಹಳದಿ ಕಿಡಿಗಳು ಮತಾಪಿನಂತೆ ಚಿಮ್ಮಿದರೆ ಅದು ಅಗ್ಗದ ಕಾರ್ಬನ್ ಉಕ್ಕು; ಮಂಕಾದ ಕೆಂಪು ಗೆರೆಗಳು ಕವಲೊಡೆಯದೆ ಹೋದರೆ ಅದು ಹೈಸ್ಪೀಡ್ ಸ್ಟೀಲ್. ಕಾರ್ಬನ್ ಉಕ್ಕಿನ ತುದಿ ನೀಲಿಯಾಯಿತೆಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಹದ ಕಳೆದುಕೊಂಡಿತೆಂದೇ ತಿಳಿಯಬೇಕು, ಆದ್ದರಿಂದ ಅದನ್ನು ಪ್ರತಿ ಸಲವೂ ನೀರಿಗದ್ದಬೇಕು. ಹೈಸ್ಪೀಡ್ ಸ್ಟೀಲು 500 ಡಿಗ್ರಿ ದಾಟಿದರೂ ಹದ ಉಳಿಸಿಕೊಳ್ಳುತ್ತದೆ. ಆದರೆ ಕೆಂಪಗೆ ಕಾದಿರುವಾಗ ತಣ್ಣೀರಿಗೆ ಅದ್ದಿದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ಬೆರಳಿಗೆ ಬಿಸಿ ತಟ್ಟಿದೊಡನೆ ನಿಲ್ಲಿಸಿ ಗಾಳಿಗೆ ಆರಲು ಬಿಡುವುದು ಸುರಕ್ಷಿತ.

ಹಲವು ಸಲ ಸಾಣೆ ಹಿಡಿದು ಬಿಟ್ ಗಿಡ್ಡವಾದಾಗ ನಡುವಿನ ತಿರುಳು ದಪ್ಪಗಾಗಿ ಉಳಿಗೆರೆಯೂ ಉದ್ದವಾಗುತ್ತದೆ, ಏಕೆಂದರೆ ತಿರುಳು ಬುಡದ ಕಡೆಗೆ ಹೋದಂತೆ ದಪ್ಪವೇ ಆಗಿರುತ್ತದೆ. ಉಳಿಗೆರೆ ಕತ್ತರಿಸುವುದಿಲ್ಲ, ಕಬ್ಬಿಣವನ್ನು ಬರಿದೇ ತಳ್ಳುತ್ತದೆ. ಆಗ ಚಕ್ರದ ಮೂಲೆಯಿಂದ ಎರಡೂ ಬದಿಯ ತಿರುಳನ್ನು ಸಮನಾಗಿ ತುಸು ತೆಳು ಮಾಡಬೇಕು. ಇದಕ್ಕೆ ಕೈ ಪಳಗಿರಬೇಕು.

ಬಿಟ್‌ಗಳು ಇಷ್ಟು ಬೇಗ ಹಾಳಾಗಲು ನಮ್ಮೂರಿನಲ್ಲಿ ಒಂದು ವಿಶೇಷ ಕಾರಣವಿದೆ. ಮುರಕಲ್ಲಿನ ಗೋಡೆ ಹೊರಗೆ ಮೆದುವೆಂದು ಕಂಡರೂ ಅದರೊಳಗೆ ಕಬ್ಬಿಣದ ಆಕ್ಸೈಡೂ ಗಟ್ಟಿಯಾದ ಬೆಣಚಿನ ಹರಳುಗಳೂ ಇರುವುದರಿಂದ, ಕಬ್ಬಿಣದ ಬಿಟ್ಟನ್ನು ಒಂದೇ ಸಲ ಅದಕ್ಕೆ ಇಳಿಸಿದರೂ ಹೊರಮೂಲೆಗಳು ಉರುಟಾಗಿಬಿಡುತ್ತವೆ. ಗೋಡೆಯ ಬಿಟ್ಟಿನ ತುದಿಯಲ್ಲಿ ಬೆಸೆದಿರುವುದು ಟಂಗ್‌ಸ್ಟನ್ ಕಾರ್ಬೈಡಿನ ತುಂಡು. ಅದನ್ನು ಸವೆಸಲು ಹಸಿರು ಬಣ್ಣದ ಸಿಲಿಕಾನ್ ಕಾರ್ಬೈಡ್ ಚಕ್ರವೇ ಬೇಕು, ಮೂಗಿಗೆ ಮಾಸ್ಕೂ ಬೇಕು. ಎರಡು ಜಾತಿಯ ಬಿಟ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟರೆ ಅರ್ಧ ಸಾಣೆಯ ಕೆಲಸ ತಪ್ಪಿತು.

ಇನ್ನರ್ಧ ತಪ್ಪುವುದು ಸರಿಯಾದ ವೇಗದಿಂದ. ಮೆದು ಉಕ್ಕಿನಲ್ಲಿ 10 ಮಿಲಿಮೀಟರಿನ ಬಿಟ್ಟಿಗೆ ನಿಮಿಷಕ್ಕೆ ಸುಮಾರು 800 ಸುತ್ತು, 6ಕ್ಕೆ 1,300 ಸುತ್ತು ಸಾಕು. ಸ್ಟೇನ್‌ಲೆಸ್ ಸ್ಟೀಲಾದರೆ ಅದರ ಅರ್ಧಕ್ಕಿಂತಲೂ ಕಡಿಮೆ. ಕೈ ಮೆಷಿನ್ನಿನ ಗುಂಡಿಯನ್ನು ಪೂರ್ತಿ ಒತ್ತಿ ದೊಡ್ಡ ಬಿಟ್ ಓಡಿಸಿದರೆ ಸಾಣೆಯೆಲ್ಲ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕೊರೆಯುವಾಗ ತೆಂಗಿನೆಣ್ಣೆಯೂ ನಡೆಯುತ್ತದೆ, ಆದರೆ ಅದನ್ನು ಬಿಟ್ಟಿನ ಮೇಲೆ ಉಳಿಸಿದರೆ ದಿನ ಕಳೆದಂತೆ ಜಿಗುಟಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಹರಿತವಾದ ಅಂಚಿಗೇ ಮೊದಲು ತುಕ್ಕು ಹಿಡಿಯುವುದರಿಂದ, ಬಿಟ್‌ಗಳನ್ನು ಒರಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆಯಾಗಿ ಸುತ್ತಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಇಡಬೇಕು.